ಲೋಕಸಭೆಗೆ ನಿಲ್ಲುವ ಪ್ರಗತಿಪರ ಹೆಣ್ಣುಮಕ್ಕಳ ಜೊತೆ ನಾವು ಯಾವಾಗ ನಿಲ್ಲಬೇಕು? 2029ರ ಮಾತು ಈಗಲೇ ಆಡೋಣ

ತುಂಗೆಯ ದಡ (ಚರ್ಚೆ ಶುರು ಮಾಡಿದವರು)

2024ರ ಲೋಕಸಭೆ ಚುನಾವಣೆಯಲ್ಲಿ ದೇಶದಲ್ಲಿ ಒಟ್ಟು 8,360 ಜನ ಕಣದಲ್ಲಿದ್ದರು. ಅದರಲ್ಲಿ ಹೆಣ್ಣುಮಕ್ಕಳು ಸುಮಾರು 800. ಗೆದ್ದವರು 74. ಅದಕ್ಕೂ ಹಿಂದಿನ ಸಲ, 2019ರಲ್ಲಿ, 78 ಜನ ಗೆದ್ದಿದ್ದರು. ಅಂದರೆ ಇದ್ದದ್ದೂ ಕಮ್ಮಿ ಆಯ್ತು. ನಮ್ಮ ಕರ್ನಾಟಕದ 28 ಸೀಟಲ್ಲಿ ಗೆದ್ದದ್ದು ಮೂವರು: ಬೆಂಗಳೂರು ಉತ್ತರದಲ್ಲಿ ಶೋಭಾ ಕರಂದ್ಲಾಜೆ, ಚಿಕ್ಕೋಡಿಯಲ್ಲಿ ಪ್ರಿಯಾಂಕಾ ಜಾರಕಿಹೊಳಿ, ದಾವಣಗೆರೆಯಲ್ಲಿ ಪ್ರಭಾ ಮಲ್ಲಿಕಾರ್ಜುನ್.

ಇದು ಮಹಿಳಾ ಮೀಸಲಾತಿ ಕಾನೂನು (ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ ಇಡುವಂಥದ್ದು) ಪಾಸಾದ ಮೇಲಿನ ಚುನಾವಣೆ ಅನ್ನೋದು ನೆನಪಿರಲಿ. 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಮತ ಪರ, 2 ವಿರುದ್ಧ. ಮಾರನೇ ದಿನ ರಾಜ್ಯಸಭೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಆದರೆ ಜಾರಿಯನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಕಟ್ಟಿಹಾಕಿದ್ದರಿಂದ 2024ಕ್ಕೆ ಅದು ಬರಲಿಲ್ಲ. ಕೈ ಎತ್ತಿ ಮತ ಹಾಕಿದ ಪಕ್ಷಗಳೇ ಆರು ತಿಂಗಳ ನಂತರ ಟಿಕೆಟ್ ಹಂಚುವಾಗ ಹತ್ತರಲ್ಲಿ ಒಂದೋ ಎರಡೋ ಹೆಣ್ಣುಮಕ್ಕಳಿಗೆ ಕೊಟ್ಟವು. ಕಾನೂನು ಬಾರದಿದ್ರೂ ಮೂರನೇ ಒಂದು ಭಾಗ ಟಿಕೆಟ್ ಕೊಡೋದಕ್ಕೆ ಯಾರೂ ತಡೆದಿರಲಿಲ್ಲ ಅಲ್ವಾ?

ನಾನು ಪ್ರಗತಿಪರ ಅನ್ನುವಾಗ ಇಂಥದೇ ಪಕ್ಷ ಅಂತ ಹೇಳ್ತಾ ಇಲ್ಲ. ಕೂಲಿ, ಶಾಲೆ, ಆಸ್ಪತ್ರೆ, ಜಾತಿ ಅವಮಾನ, ಹೆಣ್ಣುಮಕ್ಕಳ ಸುರಕ್ಷತೆ ಇವನ್ನು ಮುಂದಿಟ್ಟು ಮತ ಕೇಳುವವರು, ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟದವರು. ಅಂಥವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನನ್ನ ನೋವು ಏನಂದ್ರೆ ನಾವು ಅವರ ಜೊತೆ ನಿಲ್ಲೋದು ನಾಮಪತ್ರ ಹಾಕಿದ ಮೇಲೆ. ಆಗ ಫೋಟೊ ಹಂಚುತ್ತೇವೆ, ಒಂದು ಸಾವಿರ ರೂಪಾಯಿ ಕಳಿಸುತ್ತೇವೆ, ಫಲಿತಾಂಶದ ದಿನ ಬೇಜಾರು ಮಾಡಿಕೊಳ್ಳುತ್ತೇವೆ. ಅಷ್ಟರಲ್ಲಿ ಎಲ್ಲ ತೀರ್ಮಾನ ಆಗಿರುತ್ತೆ. ಮೂರು ವರ್ಷ ಮುಂಚೆಯೇ ನಿಲ್ಲೋದು ಹೇಗೆ ಅಂತ ಅನುಭವ ಇರುವವರು ಹೇಳಿ.

ಹುಬ್ಬಳ್ಳಿ ಮಂದಿ

ಅಕ್ಕಾರ, ಒಳ್ಳೆ ವಿಷಯ ತೆಗೆದಿದ್ದೀರಿ. ಆದರೆ ಒಂದು ಮಾತು ನೇರವಾಗಿ ಹೇಳ್ತೀನಿ. 2024ರಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಆರು ಹೆಣ್ಣುಮಕ್ಕಳಿಗೆ ಟಿಕೆಟ್ ಕೊಟ್ಟಿತು, ಬಿಜೆಪಿ ಇಬ್ಬರಿಗೆ. ಆ ಎಂಟು ಜನರಲ್ಲಿ ಎಷ್ಟು ಮಂದಿ ಮಂತ್ರಿ, ಶಾಸಕ, ಸಂಸದರ ಮನೆಯವರು ಅಂತ ನೋಡಿ. ದಾವಣಗೆರೆಯಲ್ಲಿ ಎರಡೂ ಪಕ್ಷದಿಂದ ಹೆಣ್ಣುಮಕ್ಕಳೇ ಎದುರಾಳಿಗಳು. ಕೇಳೋಕೆ ಖುಷಿ. ಆದರೆ ಒಬ್ಬರು ಆಗಿನ ಸಂಸದರ ಪತ್ನಿ, ಇನ್ನೊಬ್ಬರು ಆಗಿನ ಸಚಿವರ ಪತ್ನಿ. ಅವರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ. ಹಿಂದೆ ಮನೆತನ ಇಲ್ಲದ ಹೆಣ್ಣುಮಗಳಿಗೆ ಬಾಗಿಲು ಎಲ್ಲಿದೆ ಅನ್ನೋದು ನನ್ನ ಪ್ರಶ್ನೆ.

ನಮ್ಮ ಧಾರವಾಡ ಉತ್ತರದಿಂದ ಸರೋಜಿನಿ ಮಹಿಷಿ 1962ರಲ್ಲಿ ಗೆದ್ದು ಲೋಕಸಭೆಗೆ ಹೋದರು. 67, 71, 77ರಲ್ಲೂ ಗೆದ್ದರು, ನಾಲ್ಕು ಸಲ. ಓದಿನ ಬಲದಿಂದ, ಕೆಲಸದ ಬಲದಿಂದ ಬಂದವರು. ಕನ್ನಡಿಗರಿಗೆ ಉದ್ಯೋಗದ ವರದಿ ಅಂದರೆ ಇವತ್ತಿಗೂ ಅವರ ಹೆಸರೇ ಬಾಯಿಗೆ ಬರುತ್ತೆ. ಇಷ್ಟು ವರ್ಷ ಆದ ಮೇಲೆ ಅಂಥವರಿಗೆ ದಾರಿ ಅಗಲ ಆಗಬೇಕಿತ್ತು, ಇನ್ನೂ ಇಕ್ಕಟ್ಟಾಗಿದೆ.

ಕಾಫಿ ಸೀಮೆಯವಳು

ಹುಬ್ಬಳ್ಳಿ ಅಣ್ಣ ಹೇಳಿದ್ದು ಸರಿ. ಅದಕ್ಕೆ ಒಂದು ಸೇರಿಸ್ತೀನಿ. ಟಿಕೆಟ್ ಕೇಳಲು ಹೋದ ಹೆಣ್ಣುಮಕ್ಕಳಿಗೆ ಪಕ್ಷದ ಕಚೇರಿಗಳಲ್ಲಿ ಸಿಗುವ ಉತ್ತರ ಒಂದೇ: "ಜನ ಹೆಂಗಸರಿಗೆ ವೋಟ್ ಹಾಕಲ್ಲಮ್ಮ, ಗೆಲ್ಲುವ ಕುದುರೆ ಬೇಕು." ಇದು ಸುಳ್ಳು. ನಮ್ಮ ಚಿಕ್ಕಮಗಳೂರು 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು. ಇವೆಲ್ಲ ದೊಡ್ಡ ಹೆಸರು ಅಂತೀರಾ? 2004ರಲ್ಲಿ ಕನಕಪುರದಲ್ಲಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ, ಮಾಜಿ ಪ್ರಧಾನಿ ದೇವೇಗೌಡರನ್ನೇ ಸೋಲಿಸಿದರು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಪಕ್ಷೇತರರಾಗಿ ಒಂದೂಕಾಲು ಲಕ್ಷದ ಅಂತರದಲ್ಲಿ ಗೆದ್ದರು. ಮತದಾರರು ಹೆಣ್ಣು ಅಂತ ಬೆನ್ನು ತಿರುಗಿಸಿದ ಲೆಕ್ಕ ಎಲ್ಲಿದೆ?

2024ರಲ್ಲಿ ನಿಂತ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಒಂಬತ್ತು ಜನ ಗೆದ್ದಿದ್ದಾರೆ, ಗಂಡಸರಲ್ಲಿ ನೂರಕ್ಕೆ ಆರು. ಪಕ್ಷೇತರರಾಗಿ ಸುಮ್ನೆ ನಾಮಪತ್ರ ಹಾಕುವವರಲ್ಲಿ ಗಂಡಸರೇ ಜಾಸ್ತಿ, ಹಾಗಾಗಿ ಈ ಲೆಕ್ಕವನ್ನು ತೀರಾ ಎಳೆಯಬಾರದು, ಒಪ್ತೀನಿ. ಆದರೆ "ಗೆಲ್ಲಲ್ಲ" ಅನ್ನೋದಕ್ಕಂತೂ ಇದರಲ್ಲಿ ಆಧಾರ ಇಲ್ಲ. ಪಶ್ಚಿಮ ಬಂಗಾಳ ನೋಡಿ, ತೃಣಮೂಲ 2024ರಲ್ಲಿ 12 ಹೆಣ್ಣುಮಕ್ಕಳನ್ನು ನಿಲ್ಲಿಸಿತು, 11 ಜನ ಗೆದ್ದರು. ಒಡಿಶಾದಲ್ಲಿ ಬಿಜೆಡಿ (ಬಿಜು ಜನತಾ ದಳ) 2019ರಲ್ಲಿ 21 ಸೀಟಲ್ಲಿ 7 ಹೆಣ್ಣುಮಕ್ಕಳಿಗೆ ಕೊಟ್ಟಿತು, 5 ಜನ ಗೆದ್ದರು. ಅದರಲ್ಲಿ ಅಸ್ಕಾದ ಪ್ರಮೀಳಾ ಬಿಸೋಯಿ ಸ್ವಸಹಾಯ ಸಂಘ ಕಟ್ಟಿ ಬೆಳೆದ ಅಜ್ಜಿ, ಕಿಯೋಂಝರ್‌ನ ಚಂದ್ರಾಣಿ ಮುರ್ಮು 25 ವರ್ಷದ ಆದಿವಾಸಿ ಹುಡುಗಿ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಇವೆ. ಅಲ್ಲಿಂದ ಒಬ್ಬರನ್ನಾದರೂ ಲೋಕಸಭೆಗೆ ನಿಲ್ಲಿಸಿದ್ದು ನನಗಂತೂ ನೆನಪಿಲ್ಲ.

ಬೂತ್ ಅಕ್ಕ

ನಾನು ಪ್ರಚಾರದಲ್ಲಿ ಕೆಲಸ ಮಾಡಿದವಳು, ಪಕ್ಷ ಯಾವುದು ಅಂತ ಬೇಡ. ನಮ್ಮ ಅಭ್ಯರ್ಥಿ ಹೆಣ್ಣುಮಗಳು, ಒಳ್ಳೆಯವರು, ಸೋತರು. ಏನಾಯ್ತು ಅಂತ ಹೇಳ್ತೀನಿ, ಯಾಕಂದ್ರೆ ಇಲ್ಲಿ ಎಲ್ಲರೂ ಭಾಷಣ, ಪ್ರಣಾಳಿಕೆ ಬಗ್ಗೆ ಮಾತಾಡ್ತೀರಿ, ಚುನಾವಣೆ ನಡೆಯೋದು ಬೂತಲ್ಲಿ.

ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ, ಸುಮಾರು ಎರಡು ಸಾವಿರ ಬೂತ್. ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 95 ಲಕ್ಷ. ಭಾಗ ಮಾಡಿದರೆ ಬೂತಿಗೆ ಐದು ಸಾವಿರವೂ ಬೀಳಲ್ಲ, ಅದರಲ್ಲೇ ಗಾಡಿ, ಡೀಸೆಲ್, ಕರಪತ್ರ, ಶಾಮಿಯಾನ, ಮೈಕು ಎಲ್ಲ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ, ಹಾಗಾಗಿ ಪಕ್ಷ ಕೈ ಬಿಗಿ ಹಿಡಿದರೆ ಅಭ್ಯರ್ಥಿ ಮುಗಿದಳು ಅಂತಲೇ ಲೆಕ್ಕ. ನಮ್ಮ ಅಕ್ಕನಿಗೆ ಬಿ ಫಾರಂ (ಇವರೇ ಪಕ್ಷದ ಅಧಿಕೃತ ಅಭ್ಯರ್ಥಿ ಅನ್ನುವ ಪತ್ರ) ಕೈಗೆ ಬಂದದ್ದು ನಾಮಪತ್ರದ ಕೊನೆ ಗಳಿಗೆಯಲ್ಲಿ. ಅದಕ್ಕೆ ಮುಂಚೆ ಬೂತ್ ಏಜೆಂಟರ ಪಟ್ಟಿ ಮಾಡೋಕೂ ಆಗಿರಲಿಲ್ಲ, ಯಾಕಂದ್ರೆ ಟಿಕೆಟ್ ಇವರಿಗೇ ಅಂತ ಯಾರಿಗೂ ಖಾತ್ರಿ ಇರಲಿಲ್ಲ.

ಏಜೆಂಟ್ ಕೆಲಸ ಅಂದ್ರೆ ಸುಮ್ನೆ ಕೂರೋದಲ್ಲ. ಏಳಕ್ಕೆ ಮತದಾನ ಅಂದ್ರೆ ಐದೂವರೆಗೆ ಬೂತಲ್ಲಿರಬೇಕು, ಅಣಕು ಮತದಾನ ನಡೆಯುತ್ತೆ. ಕನಿಷ್ಠ 50 ಮತ ಒತ್ತಿ, ವಿವಿಪ್ಯಾಟ್ (ಮತ ಯಾರಿಗೆ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ) ಚೀಟಿ ಎಣಿಸಿ, ಯಂತ್ರದ ಲೆಕ್ಕದ ಜೊತೆ ತಾಳೆ ನೋಡಿ, ಆಮೇಲೆ ಅದನ್ನು ಅಳಿಸಿದ್ದು ಕಣ್ಣಾರೆ ಕಂಡ ಮೇಲೆ ಸಹಿ. ದಿನವಿಡೀ ಮತದಾರರ ಪಟ್ಟಿಯಲ್ಲಿ ಬಂದವರ ಹೆಸರಿಗೆ ಗೆರೆ ಎಳೆಯಬೇಕು, ಮಧ್ಯಾಹ್ನ ಮೂರರ ಹೊತ್ತಿಗೆ ಯಾವ ಓಣಿಯವರು ಇನ್ನೂ ಬಂದಿಲ್ಲ ಅಂತ ಹೊರಗಿನ ಹುಡುಗರಿಗೆ ಗೊತ್ತಾಗಬೇಕು. ಸಂಜೆ 17ಸಿ ಫಾರಂ ನಕಲು ಕೈಗೆ ಬರುವವರೆಗೂ ಏಳುವಂತಿಲ್ಲ, ಆ ಬೂತಲ್ಲಿ ಎಷ್ಟು ಮತ ಬಿತ್ತು ಅನ್ನೋದಕ್ಕೆ ನಮ್ಮ ಹತ್ತಿರ ಇರುವ ದಾಖಲೆ ಅದೊಂದೇ. ನಮ್ಮ ಕಡೆ ಎಷ್ಟೋ ಬೂತಲ್ಲಿ ಏಜೆಂಟೇ ಇರಲಿಲ್ಲ. ಎದುರಿನವರು ಪ್ರತಿ ಬೂತಿಗೂ ಇಬ್ಬಿಬ್ಬರನ್ನು ಇಟ್ಟಿದ್ದರು, ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು.

ಇದು ಎಷ್ಟು ಮುಖ್ಯ ಅಂತ ಬೇಕಿದ್ದರೆ 2023ರ ವಿಧಾನಸಭೆ ಚುನಾವಣೆಯ ಬೆಂಗಳೂರಿನ ಜಯನಗರ ನೆನಪಿಸಿಕೊಳ್ಳಿ. ಸೌಮ್ಯ ರೆಡ್ಡಿ ಸೋತದ್ದು 16 ಮತಗಳಿಂದ. ಹದಿನಾರು! ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿ ಜನ ಸಾಕಿತ್ತು.

ಇನ್ನೊಂದು ವಿಷಯ ಯಾರೂ ಬರೆಯಲ್ಲ. ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಹಳ್ಳಿ ತಿರುಗುವಾಗ ಹೆಣ್ಣು ಅಭ್ಯರ್ಥಿ ನೀರು ಕುಡಿಯೋದೇ ಬಿಡ್ತಾಳೆ, ಶೌಚಾಲಯ ಎಲ್ಲಿ ಸಿಗುತ್ತೆ ಗೊತ್ತಿಲ್ಲ ಅಂತ. ನಮ್ಮ ಅಕ್ಕನಿಗೆ ಪ್ರಚಾರದ ಮಧ್ಯೆ ಮೂತ್ರದ ಸೋಂಕಾಗಿ ಜ್ವರ ಬಂತು, ಮಾತ್ರೆ ನುಂಗಿ ರೋಡ್ ಶೋ ಮಾಡಿದರು. ಕೊನೆಗೆ ನಾವು ಮಾಡಿದ್ದು ಇಷ್ಟೇ: ಪ್ರತಿ ಹಳ್ಳಿಯಲ್ಲಿ ಶೌಚಾಲಯ ಇರುವ, ಮನೆಯೊಡತಿ ಒಪ್ಪಿದ ಒಂದು ಮನೆ ಗುರುತಿಸಿ ದಾರಿಯ ಪಟ್ಟಿಯಲ್ಲಿ ಬರೆದು ಡ್ರೈವರ್ ಕೈಗೆ ಕೊಟ್ಟೆವು. ಅಲ್ಲೇ ಹತ್ತು ನಿಮಿಷ ಕೂತು ಮಜ್ಜಿಗೆ ಕುಡಿದು ಆ ಮನೆ ಹೆಂಗಸರ ಜೊತೆ ಮಾತಾಡಿದ್ದೇ ಎಷ್ಟೋ ಕಡೆ ಒಳ್ಳೆ ಪ್ರಚಾರ ಆಯ್ತು. ಮುಂದಿನ ಸಲ ಯಾರಿಗಾದರೂ ಕೆಲಸ ಮಾಡುವವರು ಇದನ್ನು ಮೊದಲ ದಿನವೇ ಮಾಡಿ.

ಡಲ್ಲಾಸ್ ಕನ್ನಡತಿ

ಬೂತ್ ಅಕ್ಕನ ಮಾತು ಓದಿ ಗಂಟಲು ಕಟ್ಟಿತು. ಇಲ್ಲಿ ಅಮೆರಿಕದಲ್ಲಿ ಎಮಿಲೀಸ್ ಲಿಸ್ಟ್ ಅಂತ ಒಂದು ಸಂಸ್ಥೆ ಇದೆ, 1985ರಲ್ಲಿ ಶುರುವಾಗಿದ್ದು. ಗರ್ಭಪಾತದ ಹಕ್ಕಿನ ಪರ ಇರುವ ಡೆಮಾಕ್ರಟಿಕ್ ಪಕ್ಷದ ಹೆಣ್ಣುಮಕ್ಕಳಿಗೆ ಸಹಾಯ ಮಾಡೋದು ಅದರ ಕೆಲಸ. ತುಂಗೆಯ ದಡ ಅವರು ಹೇಳಿದ ಮಾತೇ ಅವರ ಹಾದಿಯೂ: ದುಡ್ಡು ಮೊದಲೇ ಕೊಡಬೇಕು. ಮೊದಲೇ ಕೈಯಲ್ಲಿ ದುಡ್ಡಿದ್ದರೆ ಬೇರೆಯವರೂ ಇವಳನ್ನು ಲೆಕ್ಕಕ್ಕೆ ತಗೊಳ್ತಾರೆ. ಮರುವರ್ಷವೇ ಮೇರಿಲ್ಯಾಂಡ್‌ನ ಬಾರ್ಬರಾ ಮಿಕುಲ್ಸ್ಕಿ ಸೆನೆಟ್‌ಗೆ ಗೆದ್ದರು, ಅವರ ಹಿಂದೆ ಈ ಬಲ ಇತ್ತು.

ಆದರೆ ಇದನ್ನು ಹಾಗೇ ಎತ್ತಿ ನಮ್ಮೂರಲ್ಲಿ ಇಡೋಕಾಗಲ್ಲ. ಇಲ್ಲಿ ಪಕ್ಷದೊಳಗಿನ ಪ್ರೈಮರಿ ಚುನಾವಣೆ ಇದೆ, ಟಿಕೆಟ್ಟೂ ಜನರೇ ಕೊಡೋದು. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೊಡುತ್ತೆ. ಹಾಗಾಗಿ ನಮ್ಮಲ್ಲಿ ಮೊದಲೇ ಜೊತೆ ನಿಲ್ಲೋದು ಅಂದರೆ ದುಡ್ಡಿಗಿಂತ ಒತ್ತಡ. ಈ ಕ್ಷೇತ್ರದಲ್ಲಿ ಈ ಹೆಣ್ಣುಮಗಳು ಇಷ್ಟು ಕೆಲಸ ಮಾಡಿದ್ದಾಳೆ, ಇವಳ ಹಿಂದೆ ಇಷ್ಟು ಜನ ಇದ್ದೇವೆ ಅಂತ ಪಟ್ಟಿ ಹೊರಬೀಳೋಕೆ ಒಂದು ವರ್ಷ ಮೊದಲೇ ತೋರಿಸೋದು.

ನನ್ನದೊಂದು ಪ್ರಶ್ನೆ. ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಇಲ್ಲಿನ ಅಭ್ಯರ್ಥಿಗೆ ನಾನು ಒಂದು ಡಾಲರೂ ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಆದರೂ ಬೇಕು. ಊರಿನ ಅಭ್ಯರ್ಥಿಗೆ ಕೊಡಬಹುದಾ?

ವಕೀಲಮ್ಮ

ಡಲ್ಲಾಸ್ ತಂಗಿ, ಕೊಡಬಹುದು. ಭಾರತದ ಪ್ರಜೆ ವಿದೇಶದಲ್ಲಿದ್ದು ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಒಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಕಾನೂನಿನ ಕಣ್ಣಲ್ಲಿ ವಿದೇಶಿ ಪ್ರಜೆಗಳೇ, ಅವರು ಕೊಡುವಂತಿಲ್ಲ. ನಿಮ್ಮ ಗುಂಪಲ್ಲಿ ಎರಡೂ ಥರದವರು ಇರ್ತಾರೆ, ಎಲ್ಲರ ದುಡ್ಡು ಸೇರಿಸಿ ಒಬ್ಬರು ಕಳಿಸುವ ಕೆಲಸ ದಯವಿಟ್ಟು ಬೇಡ. ಅಭ್ಯರ್ಥಿಯೇ ಸಿಕ್ಕಿಬೀಳ್ತಾಳೆ.

ಊರಲ್ಲಿರುವವರಿಗೂ ಹೇಳ್ತೀನಿ. ಅಭ್ಯರ್ಥಿ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ. ದುಡ್ಡು ಅದಕ್ಕೇ ಹೋಗಲಿ. ನಗದಾಗಿ ಒಬ್ಬರಿಂದ ಹತ್ತು ಸಾವಿರಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ಪಕ್ಷಕ್ಕೆ ಕೊಟ್ಟರೆ ತೆರಿಗೆ ವಿನಾಯಿತಿ ಇದೆ, ಅಭ್ಯರ್ಥಿಗೆ ನೇರ ಕೊಟ್ಟರೆ ಇಲ್ಲ. ಮತ್ತೆ ಅಭಿಮಾನದಲ್ಲಿ ನಿಮ್ಮಷ್ಟಕ್ಕೆ ನೀವು ಬ್ಯಾನರ್ ಹಾಕಿಸೋದು, ಪತ್ರಿಕೆಗೆ ಜಾಹೀರಾತು ಕೊಡೋದು ಮಾಡಬೇಡಿ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಆಕೆಯ ಪರ ಖರ್ಚು ಮಾಡೋದು ಅಪರಾಧ. ಫಲಿತಾಂಶ ಬಂದ 30 ದಿನದೊಳಗೆ ಆಕೆ ಲೆಕ್ಕ ಒಪ್ಪಿಸಬೇಕು, ಇಂಥ ಒಂದು ಬಿಲ್ ಆಕೆಗೆ ಮುಳ್ಳಾಗುತ್ತೆ. ಕಾಮರ್ಸ್ ಓದಿದ ಹೆಣ್ಣುಮಕ್ಕಳು ಈ ಗುಂಪಲ್ಲಿದ್ದರೆ ಹೇಳ್ತೀನಿ, ನಿಮ್ಮ ದುಡ್ಡಿಗಿಂತ ನೀವು ಕೂತು ಖರ್ಚಿನ ರಿಜಿಸ್ಟರ್ ಬರೆದುಕೊಟ್ಟರೆ ಅದು ದೊಡ್ಡ ಸಹಾಯ. ಪ್ರಚಾರದ ನಡುವೆ ವೆಚ್ಚ ವೀಕ್ಷಕರು ಮೂರು ಸಲ ಆ ಪುಸ್ತಕ ನೋಡ್ತಾರೆ.

ಠೇವಣಿ 25 ಸಾವಿರ, ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಬಿದ್ದ ಮತಗಳಲ್ಲಿ ಆರನೇ ಒಂದು ಭಾಗ ಬರದಿದ್ದರೆ ಅದೂ ಹೋಯ್ತು.

ಬಯಲುಸೀಮೆ

ಇಷ್ಟೆಲ್ಲ ಓದಿದೆ. ಒಂದು ಭಿನ್ನಾಭಿಪ್ರಾಯ. ವಿಚಾರ ನೋಡಿ ಮತ ಹಾಕಬೇಕೇ ಹೊರತು ಗಂಡೋ ಹೆಣ್ಣೋ ಅಂತ ಅಲ್ಲ. ನರ್ಮದಾ ಹೋರಾಟದ ಮೇಧಾ ಪಾಟ್ಕರ್ 2014ರಲ್ಲಿ ಮುಂಬೈನಲ್ಲಿ ನಿಂತು ಸೋತರು. ಆದಿವಾಸಿ ಹೋರಾಟಗಾರ್ತಿ ಸೋನಿ ಸೋರಿ ಛತ್ತೀಸ್‌ಗಢದ ಬಸ್ತಾರ್‌ನಲ್ಲಿ ಸೋತರು. ಆಮ್ ಆದ್ಮಿ ಪಕ್ಷದ ಆತಿಶಿ 2019ರಲ್ಲಿ ಜನರಿಂದಲೇ ದುಡ್ಡು ಎತ್ತಿ ಪೂರ್ವ ದೆಹಲಿಯಲ್ಲಿ ನಿಂತು ಮೂರನೇ ಸ್ಥಾನಕ್ಕೆ ಹೋದರು. ತಮಿಳುನಾಡು, ಪುದುಚೇರಿ ಸೇರಿ ನಾಮ್ ತಮಿಳರ್ ಪಕ್ಷ 2024ರಲ್ಲಿ 40ರಲ್ಲಿ 20 ಸೀಟು ಹೆಣ್ಣುಮಕ್ಕಳಿಗೇ ಕೊಟ್ಟಿತು, ಒಂದೂ ಗೆಲ್ಲಲಿಲ್ಲ. ಒಳ್ಳೆಯವರು ನಿಂತರೆ ಸಾಕು ಅನ್ನೋದು ಆಗಲ್ಲ.

ತುಂಗೆಯ ದಡ

ಸರ್, ನೀವು ಕೊಟ್ಟ ಉದಾಹರಣೆಗಳೇ ನನ್ನ ಮಾತನ್ನು ಗಟ್ಟಿ ಮಾಡುತ್ತವೆ ಅಂತ ನನಗನ್ನಿಸುತ್ತೆ. ಒಳ್ಳೆಯವರು ನಿಂತರೆ ಸಾಲದು. ಅವರ ಕೆಳಗೆ ನೆಲ ಇರಬೇಕು. ಗುಜರಾತಿನ ಬನಾಸ್‌ಕಾಂಠಾ ನೋಡಿ. ಗೇನಿಬೆನ್ ಠಾಕೋರ್ 2024ರಲ್ಲಿ ಜನರಿಂದ ಚಿಲ್ಲರೆ ಚಿಲ್ಲರೆ ದುಡ್ಡು ಎತ್ತಿಯೇ ಪ್ರಚಾರ ಮಾಡಿದರು, ಸುಮಾರು 30 ಸಾವಿರ ಮತಗಳಿಂದ ಗೆದ್ದರು, ಇಡೀ ಗುಜರಾತಲ್ಲಿ ಕಾಂಗ್ರೆಸ್ ಗೆದ್ದ ಒಂದೇ ಸೀಟು ಅದು. ಅವರು ಆಗ ಅದೇ ಜಿಲ್ಲೆಯಲ್ಲಿದ್ದ ವಾವ್ ಕ್ಷೇತ್ರದ ಶಾಸಕಿಯಾಗಿದ್ದವರು, ಹಳ್ಳಿ ಹಳ್ಳಿಯಲ್ಲಿ ಹೆಸರು ಹಿಡಿದು ಕರೆಯುವ ಜನ ಇದ್ದರು. ತಮಿಳುನಾಡಿನ ಕರೂರಿನ ಜ್ಯೋತಿಮಣಿ ಇಪ್ಪತ್ತರ ಆಸುಪಾಸಿನಲ್ಲೇ ಪಂಚಾಯ್ತಿ ಯೂನಿಯನ್ (ನಮ್ಮ ತಾಲ್ಲೂಕು ಪಂಚಾಯ್ತಿ ಥರದ್ದು) ಸದಸ್ಯೆಯಾಗಿ ಶುರು ಮಾಡಿದವರು, 2019ರಲ್ಲೂ 2024ರಲ್ಲೂ ಗೆದ್ದರು. ಜನರ ದುಡ್ಡು ಕೆಲಸಕ್ಕೆ ಬರೋದು ಆ ನೆಲ ಇದ್ದಾಗ.

ವಿಚಾರ ನೋಡಬೇಕು ಅನ್ನೋದನ್ನು ಪೂರ್ತಿ ಒಪ್ತೀನಿ. ಹೆಣ್ಣು ಅಂತ ಮಾತ್ರಕ್ಕೆ ನಾನು ಯಾರ ಪರವೂ ನಿಲ್ಲಲ್ಲ. ಆದರೆ 2024ರಲ್ಲಿ ಗೆದ್ದ 543 ಜನರಲ್ಲಿ 469 ಗಂಡಸರೇ ಆಗಿದ್ದ ಸಭೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯ ಗೌರವಧನ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಿಎಫ್, ಹೆರಿಗೆ ರಜೆ ಇವು ಎಷ್ಟು ಹೊತ್ತು ಚರ್ಚೆ ಆಗುತ್ತೆ ಹೇಳಿ.

ಪಂಚಾಯ್ತಿ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ. ಆ "ನೆಲ" ಎಲ್ಲಿ ಹೋಯ್ತು ಅಂತ ಹೇಳ್ತೀನಿ, ಇದು ಈ ಚರ್ಚೆಯಲ್ಲಿ ಬರಲೇಬೇಕು.

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮುಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ನಜೀರ್ ಸಾಬ್ ಅವರು 1983ರ ಪಂಚಾಯ್ತಿ ಕಾನೂನಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಇಟ್ಟರು, 1987ರಲ್ಲಿ ಚುನಾವಣೆಯೂ ನಡೆಯಿತು. ದೇಶದ ಪಂಚಾಯ್ತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾಗಿ ಐದಾರು ವರ್ಷಕ್ಕೆ. ಆಮೇಲೆ ನಾವು ಅರ್ಧಕ್ಕೆ ಅರ್ಧ ಮಾಡಿದೆವು. ಸಂಸತ್ತಲ್ಲಿ ಮೊದಲ ಮಹಿಳಾ ಮೀಸಲು ಮಸೂದೆ ಮಂಡಿಸಿದ್ದೂ 1996ರಲ್ಲಿ, ದೇವೇಗೌಡರು ಪ್ರಧಾನಿಯಾಗಿದ್ದಾಗ.

ಈಗ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷ ವರ್ಷ ಚುನಾವಣೆಯೇ ಇಲ್ಲ, ಕ್ಷೇತ್ರ ವಿಂಗಡಣೆ, ಮೀಸಲು ಪಟ್ಟಿ, ಕೋರ್ಟು ಅಂತ ಮುಂದೂಡುತ್ತಲೇ ಹೋದರು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರಲ್ಲೇ ಮುಗಿದಿತ್ತು, ಅಲ್ಲೂ ಅದೇ ಕತೆ. ಗ್ರಾಮ ಪಂಚಾಯ್ತಿ ಸದಸ್ಯೆಯಾಗಿ ಹತ್ತು ವರ್ಷ ಕೆಲಸ ಕಲಿತ ಹೆಣ್ಣುಮಗಳು ಮುಂದೆ ಹೋಗಬೇಕಾದ್ದು ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ. ಅಲ್ಲಿ ಅರ್ಧ ಸ್ಥಾನ ಅವಳದು. ಜಿಲ್ಲಾ ಪಂಚಾಯ್ತಿ ಅಧ್ಯಕ್ಷೆಯಾದವಳನ್ನು ಯಾವ ಪಕ್ಷವೂ "ಯಾರಮ್ಮ ನೀನು" ಅಂತ ಕೇಳೋಕಾಗಲ್ಲ. ಏಣಿಯ ನಡುವಿನ ಮೆಟ್ಟಿಲನ್ನೇ ಕಿತ್ತಿಟ್ಟ ಮೇಲೆ ಮೇಲೆ ಉಳಿಯೋದು ಹುಬ್ಬಳ್ಳಿಯವರು ಹೇಳಿದ ಮನೆತನದವರೇ. 2023ರ ವಿಧಾನಸಭೆಯಲ್ಲಿ 224ರಲ್ಲಿ 10 ಜನ ಮಾತ್ರ ಹೆಣ್ಣುಮಕ್ಕಳು ಗೆದ್ದದ್ದು ಯಾಕೆ ಅನ್ನೋದಕ್ಕೂ ಇದೊಂದು ಕಾರಣ. ಲೋಕಸಭೆಗೆ ಪ್ರಗತಿಪರ ಹೆಣ್ಣುಮಕ್ಕಳು ಬೇಕು ಅನ್ನುವವರು ಮೊದಲು ಗಲಾಟೆ ಮಾಡಬೇಕಾದ್ದು ಜಿಲ್ಲಾ ಪಂಚಾಯ್ತಿ ಚುನಾವಣೆಗೆ.

ಕಾಫಿ ಸೀಮೆಯವಳು

ಮೇಷ್ಟ್ರೇ, ನಮಸ್ಕಾರ. ಇದನ್ನು ನಾನು ಈ ದಿಕ್ಕಿನಿಂದ ಯೋಚಿಸಿರಲೇ ಇಲ್ಲ. ನಮ್ಮ ಕಡೆ ಒಬ್ಬರು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದರು, ಗಂಡನನ್ನು ಸಭೆಗೆ ಕರೆತರದೆ ತಾವೇ ಕಡತ ಓದಿ ಸಹಿ ಹಾಕುತ್ತಿದ್ದರು. ಅವಧಿ ಮುಗಿದ ಮೇಲೆ ತಾಲ್ಲೂಕು ಪಂಚಾಯ್ತಿಗೆ ನಿಲ್ಲಬೇಕು ಅಂತಿದ್ದರು. ಕಾದು ಕಾದು ಈಗ ಮಗಳ ಜೊತೆ ಬೆಂಗಳೂರಿಗೆ ಹೋಗಿದ್ದಾರೆ.

ಮಂಗಳೂರು ಮೀನು ಮಾರ್ಕೆಟ್

ಆನ್‌ಲೈನ್ ಹೊಲಸಿನ ಬಗ್ಗೆಯೂ ಒಂದು ಮಾತು. ಗಂಡು ಅಭ್ಯರ್ಥಿಗೆ ಬೈದರೆ ಭ್ರಷ್ಟ ಅಂತಾರೆ. ಹೆಣ್ಣು ಅಭ್ಯರ್ಥಿಗೆ ನಡತೆ, ಬಟ್ಟೆ, ಗಂಡ, ತಿದ್ದಿದ ಫೋಟೊ. ನಮ್ಮೂರ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಮಂಗಳೂರಿಂದ ನಿಂತರು, ಈ ದೇಶದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಹೆಣ್ಣುಮಗಳು, ಕೆಲವೇ ಮತಗಳಿಂದ ಸೋತರು. ಅವರ ಕಾಲದಲ್ಲೂ ಬೈಗುಳ ಇದ್ದೇ ಇದ್ದಿರಬೇಕು, ಆದರೆ ಮಧ್ಯರಾತ್ರಿ ಮೊಬೈಲಿಗೆ ಬಂದು ಬೀಳುತ್ತಿರಲಿಲ್ಲ. ಇಂಥದ್ದು ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್, ದಿನಾಂಕ, ಗಂಟೆ ಬರೆದಿಟ್ಟು ಸೈಬರ್ ಠಾಣೆಗೂ ಚುನಾವಣಾಧಿಕಾರಿಗೂ ದೂರು ಕೊಡುವ ನಾಲ್ಕು ಜನರ ತಂಡ ಪ್ರತಿ ಅಭ್ಯರ್ಥಿಗೂ ಬೇಕು. ಆಕೆ ಸ್ವತಃ ಅದನ್ನು ಓದಬೇಕಾದ ಪರಿಸ್ಥಿತಿ ಬರಬಾರದು. ಈ ಕೆಲಸ ನಾನು ಮಾಡಬಲ್ಲೆ, ಯಾವ ಜಿಲ್ಲೆಯಾದರೂ ಸರಿ.

ಬೂತ್ ಅಕ್ಕ

ಮೀನು ಮಾರ್ಕೆಟ್ ಅವರೇ, ನಿಮ್ಮನ್ನು ಹಿಡ್ಕೊಂಡೆ, ಬಿಡಲ್ಲ. ತುಂಗೆಯ ದಡ ಅಕ್ಕ, ನಮ್ಮ ತಾಲ್ಲೂಕಲ್ಲಿ ಇಬ್ಬರು ಇದ್ದಾರೆ, ಒಬ್ಬರು ದಲಿತ ಹೆಣ್ಣುಮಗಳು, ನರೇಗಾ ಕೂಲಿ ಬಾಕಿಗಾಗಿ ವರ್ಷಗಟ್ಟಲೆ ತಾಲ್ಲೂಕು ಕಚೇರಿ ಮುಂದೆ ಕೂತವರು. ಇನ್ನೊಬ್ಬರು ಹಾಲಿನ ಸೊಸೈಟಿ ಕಾರ್ಯದರ್ಶಿ. ಇಬ್ಬರನ್ನೂ ಕೇಳದೆ ಹೆಸರು ಇಲ್ಲಿ ಹಾಕಲ್ಲ.

ತುಂಗೆಯ ದಡ

ಹೆಸರು ಬೇಡವೇ ಬೇಡ. ಮೊದಲು ಅವರನ್ನೇ ಕೇಳಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ಘೋಷಣೆಯಾದರೆ ನಿಲ್ತಾರಾ, ನಿಂತರೆ ನಮ್ಮಿಂದ ಏನು ಬೇಕು ಅಂತ. ಹೂಂ ಅಂದರೆ ವಕೀಲಮ್ಮ ಅವರು ಖಾತೆ, ರಿಜಿಸ್ಟರ್ ವಿಷಯ ನೋಡ್ತಾರೆ ಅಂತ ಅಂದುಕೊಂಡಿದ್ದೇನೆ, ಒಪ್ಪಿಗೆ ಇದ್ದರೆ ಇಲ್ಲೇ ಹೇಳಿ ಮೇಡಂ.

ವಕೀಲಮ್ಮ

ಒಪ್ಪಿಗೆ. ಫೀಸ್ ಬೇಡ. ಮತದಾರರ ಪಟ್ಟಿಯಲ್ಲಿ ಇಬ್ಬರ ಹೆಸರೂ ಅದೇ ಊರಲ್ಲಿ, ಸರಿಯಾದ ಸ್ಪೆಲ್ಲಿಂಗಲ್ಲಿ ಇದೆಯಾ ಅಂತ ಈ ವಾರವೇ ನೋಡಿಸಿ. ಮದುವೆಯಾದ ಹೆಣ್ಣುಮಕ್ಕಳದು ತವರಲ್ಲಿ ಒಂದು, ಗಂಡನ ಊರಲ್ಲಿ ಒಂದು ಇರೋದು ಜಾಸ್ತಿ. ಒಂದು ತೆಗೆಸಲು ಫಾರಂ 7.